ಚಾರ್ಟ್‌ನಲ್ಲಿ 12 ದಿನ, ಸೈಟ್‌ನಲ್ಲಿ 19: ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದಬೇಕೆ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವಳು. ಸಿವಿಲ್ ಬಿ.ಇ. ಮುಗಿಸಿ ಮೂರು ವರ್ಷ ಆಯಿತು. ಬೆಂಗಳೂರಿನ ಹೊರವಲಯದಲ್ಲಿ 14 ಮಹಡಿಯ ಅಪಾರ್ಟ್‌ಮೆಂಟ್ ಕೆಲಸದಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ, ಸಂಬಳ 28,000. ಮಾಮೂಲಿ ಪ್ಲೈವುಡ್ ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು, ಆಸರೆ), ಕಾಂಕ್ರೀಟ್ ಆರ್‌ಎಂಸಿ, ಅಂದರೆ ಲಾರಿಯಲ್ಲಿ ಬರುವ ಸಿದ್ಧ ಕಾಂಕ್ರೀಟ್. ಶೆಡ್ಯೂಲಿನಲ್ಲಿ ಒಂದು ಸ್ಲ್ಯಾಬಿಗೆ 12 ದಿನ ಎಂದಿದೆ. ಈವರೆಗೆ ಒಂದೂ 19 ದಿನದ ಒಳಗೆ ಆಗಿಲ್ಲ. ಪ್ರತಿ ಸೋಮವಾರದ ಮೀಟಿಂಗ್‌ನಲ್ಲಿ ಬೈಸಿಕೊಳ್ಳುವವಳು ನಾನು. ಆರು ತಿಂಗಳ ಹಿಂದೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಪಿ.ಜಿ. ಮಾಡಿದ ಒಬ್ಬರು ಪ್ಲಾನಿಂಗ್ ಎಂಜಿನಿಯರ್ ಆಗಿ ಬಂದರು. ಸಂಬಳ ನನಗಿಂತ ಹೆಚ್ಚು, ಸ್ಲ್ಯಾಬ್ ಮೇಲೆ ಹತ್ತಿದ್ದು ಎರಡೋ ಮೂರೋ ಸಲ. ಇತ್ತ ನಮ್ಮ ಸೆಂಟ್ರಿಂಗ್ ಮೇಸ್ತ್ರಿ, "ಪುಸ್ತಕ ನೋಡ್ಕೊಂಡು ಮೋಲ್ಡ್ ಹಾಕಕ್ಕಾಗಲ್ಲ ಮೇಡಂ, ಜನ ಬಂದ್ರೆ ಆಗುತ್ತೆ" ಅಂತಾರೆ. ನಾನೂ ಆ ಕೋರ್ಸಿಗೆ ಸೇರೋಣ ಅಂದುಕೊಂಡಿದ್ದೇನೆ. ಅಪ್ಪ ಒಂದೂವರೆ ಎಕರೆ ಅಡಿಕೆ ತೋಟದ ಪತ್ರ ಬ್ಯಾಂಕಿಗೆ ಇಟ್ಟು 12 ಲಕ್ಷ ಸಾಲ ತೆಗೆಯಲು ಸಿದ್ಧ. ಅಲ್ಲಿ ಕಲಿಸುವುದಕ್ಕೂ ಸೈಟಿಗೂ ಸಂಬಂಧ ಇದೆಯಾ? ಇಲ್ಲ, ಬರೀ ಸರ್ಟಿಫಿಕೇಟಿಗೆ ದುಡ್ಡಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟ ಗಂಟು ಬಿದ್ದಿವೆ. ಒಂದು ವಾರವಾರ ಬೈಸಿಕೊಳ್ಳುವುದು, ಇನ್ನೊಂದು ತೋಟ ಅಡವಿಟ್ಟು ಓದುವುದು. ಮೊದಲನೆಯದರಿಂದ ತಪ್ಪಿಸಿಕೊಳ್ಳಲು ಎರಡನೆಯದಕ್ಕೆ ಕೈಹಾಕುತ್ತಿದ್ದೀರೇನೋ ಅನ್ನಿಸಿತು. ನಾನು 31 ವರ್ಷ ಸೈಟಿನಲ್ಲಿ ಕಳೆದವನು. ಅದರಲ್ಲಿ ಆರು ವರ್ಷ, ಶನಿವಾರ ಶನಿವಾರ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಇದೇ ವಿಷಯ ಪಾಠವನ್ನೂ ಮಾಡಿದ್ದೇನೆ. ಎರಡೂ ಕಡೆಯ ಹುಳುಕು ಕಂಡಿದ್ದೇನೆ.

ಸಾಲದ ಮಾತು ಆಮೇಲೆ. ಮೊದಲು ಆ 12 ದಿನ.

ನಿಮ್ಮ ಸೈಟಿನಲ್ಲಿ ಜಾಕಿ (ಕೆಳಗಿಂದ ಹೊರುವ ಆಸರೆ ಕಂಬ), ಸ್ಪ್ಯಾನ್ (ಅದರ ಮೇಲಿನ ಅಡ್ಡ ಆಸರೆ), ಪ್ಲೈ ಎಷ್ಟು ಸೆಟ್ ಇವೆ? ಪತ್ರದಲ್ಲಿ ಬರೆದಿಲ್ಲ. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆಯೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ 2000ನೇ ಇಸವಿಯ ಆವೃತ್ತಿ ತೆಗೆದು ಸೆಂಟ್ರಿಂಗ್ ಬಿಚ್ಚುವ ಕಾಲದ ಪಟ್ಟಿ ನೋಡಿ. 4.5 ಮೀಟರ್ ತನಕದ ಸ್ಲ್ಯಾಬಿನ ಕೆಳಗಿನ ಜಾಕಿ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ. 6 ಮೀಟರ್ ತನಕದ ಬೀಮಿನ ಕೆಳಗೆ 14 ದಿನ, ಅದಕ್ಕೂ ಉದ್ದವಾದರೆ 21 ದಿನ. ಇದೂ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್ ಹಾಕಿ, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ. ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಸಿಮೆಂಟ್ ಇದ್ದರೆ ಇನ್ನಷ್ಟು ತಡೆಯಬೇಕು. ಕೂಡಲೇ ಜಾಕಿ ಮತ್ತೆ ನಿಲ್ಲಿಸುವುದಾದರೆ ಸ್ಲ್ಯಾಬಿನ ಕೆಳಗಿನ ಶೀಟನ್ನು ಮಾತ್ರ 3 ದಿನಕ್ಕೆ ತೆಗೆಯಬಹುದು.

ಈಗ ಎಣಿಸಿ. 12 ದಿನಕ್ಕೊಂದು ಸ್ಲ್ಯಾಬ್ ಹಾಕಬೇಕಾದರೆ, ಮೇಲಿನ ಮಹಡಿಗೆ ಕಾಂಕ್ರೀಟ್ ಸುರಿಯುವ ದಿನ ಕೆಳಗಿನ ಮಹಡಿಯ ಬೀಮಿನ ಜಾಕಿಗಳು ಇನ್ನೂ ಅಲ್ಲಾಡಬಾರದು. ಹಸಿ ಕಾಂಕ್ರೀಟಿನ ಭಾರ ಹೊರಲು ಅದರ ಕೆಳಗಿನ ಮಹಡಿಗೂ ಆಸರೆ ಬೇಕಾಗಬಹುದು, ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಅಂದರೆ ಜಾಕಿ ಕನಿಷ್ಠ ಎರಡು ಪೂರ್ತಿ ಸೆಟ್, ಬಹುಶಃ ಇನ್ನೂ ಹೆಚ್ಚು. ನಿಮ್ಮಲ್ಲಿ ಒಂದೂವರೆ ಸೆಟ್ ಇದ್ದರೆ 12 ದಿನ ಅನ್ನುವುದು ಗಣಿತದಲ್ಲೇ ಆಗದ ಮಾತು. ಎಷ್ಟು ಜನ ಬಂದರೂ ಆಗುವುದಿಲ್ಲ, ಎಷ್ಟು ಬೈದರೂ ಆಗುವುದಿಲ್ಲ.

ಆ 12 ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ಅಲ್ಯುಮಿನಿಯಂ ಫಾರ್ಮ್‌ವರ್ಕ್ (ಬೇಗ ಜೋಡಿಸಿ ಬಿಚ್ಚುವ ಲೋಹದ ಅಚ್ಚು) ಇದ್ದ ಯಾವುದೋ ಹಳೆಯ ಪ್ರಾಜೆಕ್ಟಿನ ಫೈಲು ಕಾಪಿ ಆಗಿರಬೇಕು. ಅಥವಾ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ಕೊಟ್ಟ ತಾರೀಖಿನಿಂದ ಹಿಂದಕ್ಕೆ ಎಣಿಸಿ, ಉಳಿದ ದಿನಗಳನ್ನು 14 ಮಹಡಿಗೆ ಹಂಚಿರಬೇಕು. ಎರಡನ್ನೂ ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಒಂದೆರಡು ಸಲ ನಾನೇ ಮಾಡಿದ್ದೇನೆ, ಸುಳ್ಳೇಕೆ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಪ್ಲಾನಿಂಗ್ ಎಂಜಿನಿಯರ್‌ಗೆ ಜಾಕಿ ಎಷ್ಟಿವೆ ಗೊತ್ತಿಲ್ಲ. ಮೇಸ್ತ್ರಿಗೆ ಜಾಕಿ ಒಂದೊಂದೂ ಗೊತ್ತು, 14 ದಿನದ ನಿಯಮ ಗೊತ್ತಿಲ್ಲ. ಒತ್ತಡ ಬಂದಾಗ 9ನೇ ದಿನಕ್ಕೇ ಬೀಮಿನ ಜಾಕಿ ಕಿತ್ತು ಮೇಲಕ್ಕೆ ಸಾಗಿಸಲು ಅವರು ಹಿಂಜರಿಯುವುದಿಲ್ಲ. ಬೈಗುಳ ತಪ್ಪಿಸಲು ಅಂಥದ್ದಕ್ಕೆ ಮಾತ್ರ ತಲೆಯಾಡಿಸಬೇಡಿ. ಕಾಂಕ್ರೀಟಿನ ಗಟ್ಟಿತನ ತೋರಿಸುವ ಕ್ಯೂಬ್ ಟೆಸ್ಟ್ ವರದಿ, ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ, ಎರಡೂ ಬರಹದಲ್ಲಿ ಇಲ್ಲದೆ ಒಂದು ಜಾಕಿಯೂ ಕದಲಕೂಡದು.

ಇನ್ನು ಮೇಸ್ತ್ರಿಯ ಮಾತು, "ಜನ ಬಂದರೆ ಆಗುತ್ತೆ." ನಮ್ಮಲ್ಲಿ ತಡಕ್ಕೆ ಕಾರಣ ಕೇಳಿದರೆ ಮೊದಲು ಬರುವ ಉತ್ತರ ಲೇಬರ್ ಇಲ್ಲ ಎನ್ನುವುದು. ಬಟವಾಡೆ ಮುಗಿಸಿ ಊರಿಗೆ ಹೋದವರು ವಾಪಸ್ ಬರಲಿಲ್ಲ, ಬಿಹಾರದಲ್ಲಿ ಛಠ್ ಹಬ್ಬ, ಯಾದಗಿರಿ ಕಡೆ ಬಿತ್ತನೆ. ಸುಳ್ಳಲ್ಲ. ಆದರೆ ಬಂದ ಜನ ಎಷ್ಟು ಹೊತ್ತು ಕೈಕಟ್ಟಿ ಕೂತಿದ್ದರು ಎಂದು ಯಾರೂ ಬರೆದಿಡುವುದಿಲ್ಲ. 2012ರಲ್ಲಿ ಡೊಲೊಯ್, ಸಾಹ್ನಿ, ಅಯ್ಯರ್ ಮತ್ತು ರೆಂಟಾಲ ಎಂಬ ಸಂಶೋಧಕರು ಭಾರತದ ಕಟ್ಟಡ ಕೆಲಸಗಳ ವಿಳಂಬದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅವರಿಗೆ ಕಂಡ ಏಳು ಮುಖ್ಯ ಕಾರಣಗಳಲ್ಲಿ ಮೊದಲನೆಯದು ಬದ್ಧತೆ ಇಲ್ಲದಿರುವುದು, ನಂತರ ಸೈಟಿನ ನಿರ್ವಹಣೆ, ಸೈಟಿನ ಹೊಂದಾಣಿಕೆ, ಯೋಜನೆ. ಲೇಬರ್ ಕೊರತೆ ಆ ಪಟ್ಟಿಯಲ್ಲಿಲ್ಲ. ಪ್ರಶ್ನಾವಳಿ ಹಂಚಿ ಮಾಡಿದ ಅಧ್ಯಯನಕ್ಕೆ ಅದರದ್ದೇ ಮಿತಿ ಇದೆ, ಜನ ತಮ್ಮ ತಪ್ಪನ್ನು ಟಿಕ್ ಮಾಡುವುದು ಕಡಿಮೆ. ಆದರೂ ನನ್ನ ಅನುಭವ ಅದಕ್ಕೆ ಹತ್ತಿರವೇ ಇದೆ.

"ಬದ್ಧತೆ" ಎಂದರೆ ಇಲ್ಲಿ ಏನು? ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ಎಂಬಿಬ್ಬರು ಅಮೆರಿಕದ ಸೈಟುಗಳಲ್ಲಿ ಒಂದು ಸರಳ ಎಣಿಕೆ ಮಾಡಿದರು. ಸೋಮವಾರ "ಈ ವಾರ ಇದನ್ನು ಮುಗಿಸುತ್ತೇವೆ" ಎಂದು ಒಪ್ಪಿದ ಕೆಲಸ ಎಷ್ಟು, ವಾರದ ಕೊನೆಗೆ ಪೂರ್ತಿ ಮುಗಿದಿದ್ದು ಎಷ್ಟು? ಮುಕ್ಕಾಲು ಮುಗಿದಿದ್ದರೆ ಲೆಕ್ಕಕ್ಕಿಲ್ಲ. ಅವರ ಆರಂಭದ ಅಧ್ಯಯನಗಳಲ್ಲಿ ಸಿಕ್ಕಿದ ಸರಾಸರಿ ನೂರಕ್ಕೆ 54. ಅಲ್ಲೂ ಸೋಮವಾರದ ಮಾತು ಹೆಚ್ಚುಕಡಿಮೆ ಅರ್ಧಕ್ಕರ್ಧ ಹುಸಿ. ಕೆಲಸಗಾರರು ಸೋಮಾರಿಗಳು ಎಂದು ಅವರು ತೀರ್ಮಾನಿಸಲಿಲ್ಲ. ಡ್ರಾಯಿಂಗ್, ಸಾಮಾನು, ಜಾಗ, ಹಿಂದಿನ ಗ್ಯಾಂಗಿನ ಕೆಲಸ, ಇವು ಸಿದ್ಧವಿಲ್ಲದೆಯೇ ಒಪ್ಪಿಕೊಂಡಿದ್ದರು ಎನ್ನುವುದು ಅವರು ಕಂಡದ್ದು. ಅದರಿಂದಲೇ ಲಾಸ್ಟ್ ಪ್ಲಾನರ್ ಎಂಬ ಪದ್ಧತಿ ಹುಟ್ಟಿತು. ಕೊನೆಯ ಯೋಜಕ ಯಾರೆಂದರೆ ಎ.ಸಿ. ರೂಮಿನಲ್ಲಿ ಕೂತವನಲ್ಲ, ನಾಳೆ ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವ ಮೇಸ್ತ್ರಿ ಅಥವಾ ಫೋರ್‌ಮನ್. ನಿಮ್ಮ ಸೋಮವಾರದ ಮೀಟಿಂಗ್‌ನಲ್ಲಿ ಮೇಸ್ತ್ರಿಗೆ ಕುರ್ಚಿ ಇದೆಯೇ?

ಪಾಠ ಮಾಡುವಾಗ ನಾನೊಂದು ಆಟ ಆಡಿಸುತ್ತಿದ್ದೆ. ಟೊಮ್ಮೆಲಿನ್, ರೈಲಿ, ಹೊವೆಲ್ 1999ರಲ್ಲಿ ಪರೇಡ್ ಗೇಮ್ ಎಂಬ ಹೆಸರಿನಲ್ಲಿ ಪ್ರಬಂಧವಾಗಿ ಬರೆದಿದ್ದು. ಅವರದ್ದು ದಾಳ, ನನ್ನದು ಹುಣಸೆಬೀಜ ಮತ್ತು ನಾಣ್ಯ. ಏಳು ವಿದ್ಯಾರ್ಥಿಗಳು ಸಾಲಾಗಿ ಕೂರುತ್ತಾರೆ: ಕಾಲಂ ಕಂಬಿ, ಕಾಲಂ ಶಟರಿಂಗ್, ಕಾಲಂ ಕಾಂಕ್ರೀಟ್, ಸ್ಲ್ಯಾಬ್ ಸೆಂಟ್ರಿಂಗ್, ಸ್ಲ್ಯಾಬ್ ಕಂಬಿ, ಎಲೆಕ್ಟ್ರಿಕಲ್ ಪೈಪು, ಕಾಂಕ್ರೀಟ್. ಮೊದಲಿನವನ ಮುಂದೆ 35 ಬೀಜ. ಪ್ರತಿಯೊಬ್ಬರೂ ವಾರಕ್ಕೆ ಸರಿಯಾಗಿ ಐದು ಬೀಜ ಮುಂದಕ್ಕೆ ದಾಟಿಸಿದರೆ 13ನೇ ವಾರಕ್ಕೆ ಎಲ್ಲ ಬೀಜ ಕೊನೆ ಮುಟ್ಟುತ್ತದೆ. ಎರಡನೇ ಸುತ್ತಿನಲ್ಲಿ ನಾಣ್ಯ ಚಿಮ್ಮುವುದು. ತಲೆ ಬಿದ್ದರೆ ಒಂಬತ್ತು ದಾಟಿಸಬಹುದು, ಹೂವು ಬಿದ್ದರೆ ಒಂದೇ. ಸರಾಸರಿ ಆಗಲೂ ಐದೇ. ಆದರೆ ನನ್ನ ತರಗತಿಗಳಲ್ಲಿ ಅದು ಮುಗಿಯುತ್ತಿದ್ದುದು 17ನೆಯದೋ 18ನೆಯದೋ ವಾರಕ್ಕೆ. ಕಾರಣ, ನಾಣ್ಯ ಒಂಬತ್ತು ಹೇಳಿದ ವಾರ ಮುಂದೆ ಎರಡೇ ಬೀಜ ಇರುತ್ತದೆ. ಆ ಉಳಿದ ಏಳರ ಶಕ್ತಿ ಗಾಳಿಗೆ ಹೋಯಿತು, ಮತ್ತೆ ಬರುವುದಿಲ್ಲ. ಹುಡುಗರು ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಆಮೇಲೆ ತರಗತಿ ಒಮ್ಮೆಲೇ ತಣ್ಣಗಾಗುತ್ತಿತ್ತು, ಯಾರೂ ತಪ್ಪು ಮಾಡದೆ ನಾಲ್ಕೈದು ವಾರ ಹೋಯಿತಲ್ಲ ಎಂದು.

ಅದೇ ಕಾಲೇಜಿನ ಪರೀಕ್ಷೆಯಲ್ಲಿ ಈ ಆಟಕ್ಕೆ ಒಂದಂಕವೂ ಇರಲಿಲ್ಲ. ಅಲ್ಲಿ ಬರುವುದು ಕೆಲಸಗಳ ನೆಟ್‌ವರ್ಕ್ ಬರೆಯಿರಿ, ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಕೆಲಸವೇ ತಡವಾಗುವ ಸರಣಿ) ಗುರುತಿಸಿ, ಫ್ಲೋಟ್ (ಒಂದು ಕೆಲಸ ತಡವಾದರೂ ನಡೆಯುವಷ್ಟು ಬಿಡುವಿನ ದಿನ) ಕಂಡುಹಿಡಿಯಿರಿ. ವಿಟಿಯುವಿನ 2018ರ ಸ್ಕೀಮಿನಲ್ಲಿ ಓದಿದವರಿಗೆ ಐದನೇ ಸೆಮಿಸ್ಟರಿನ ಆ ಪೇಪರು ನೆನಪಿರಬಹುದು. ಸಿಪಿಎಂ, ಅಂದರೆ ಈ ಕ್ರಿಟಿಕಲ್ ಪಾತ್ ಲೆಕ್ಕ, ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1957ರಲ್ಲಿ ಡ್ಯುಪಾಂಟ್ ಕಂಪನಿಯ ಕೆಮಿಕಲ್ ಪ್ಲಾಂಟುಗಳಿಗಾಗಿ ಹುಟ್ಟಿದ ಲೆಕ್ಕ ಅದು. ಅದರ ಬೆನ್ನಿಗೇ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗೆಂದು ಪರ್ಟ್ ಎಂಬ ಅಂಥದ್ದೇ ಲೆಕ್ಕ ಬಂತು. ಯಾವ ಕೆಲಸ ಯಾವುದಕ್ಕೆ ಅಡ್ಡ ಎಂದು ತಿಳಿಯಲು ಅಷ್ಟು ಚೆನ್ನಾದ ಸಾಧನ ಇನ್ನೊಂದಿಲ್ಲ. ಆದರೆ ಒಂದೇ ಗ್ಯಾಂಗು ಮಹಡಿಯಿಂದ ಮಹಡಿಗೆ ಹತ್ತುತ್ತಾ ಹೋಗುವ ನಿಮ್ಮಂಥ ಕಟ್ಟಡದಲ್ಲಿ ಗ್ಯಾಂಗು ಎಲ್ಲಿ ಖಾಲಿ ಕೂರುತ್ತದೆ ಎಂಬುದು ಅದರಲ್ಲಿ ಸುಲಭವಾಗಿ ಕಾಣದು. ಅದಕ್ಕೆ ಲೈನ್ ಆಫ್ ಬ್ಯಾಲೆನ್ಸ್ ಎಂಬ ಓರೆ ಗೆರೆಗಳ ಚಾರ್ಟು ಒಳ್ಳೆಯದು. ಗ್ರಾಫ್ ಹಾಳೆಯಲ್ಲೇ ಬರೆಯಬಹುದು, ಪ್ರಿಮವೆರಾ ಎಂಬ ಪ್ಲಾನಿಂಗ್ ಸಾಫ್ಟ್‌ವೇರಿನ ಲೈಸೆನ್ಸ್ ಬೇಕಾಗಿಲ್ಲ.

ಪ್ರಿಮವೆರಾ ಬಂದರೆ ಪ್ಲಾನಿಂಗ್ ಬಂತು ಎನ್ನುವ ಭ್ರಮೆಯೂ ಇದೆ. ಟೈಪಿಂಗ್ ಬಂದವರಿಗೆಲ್ಲ ಅರ್ಜಿ ಬರೆಯಲು ಬರುತ್ತದೆಯೇ? ಅಷ್ಟೇ.

ಇಷ್ಟಾದ ಮೇಲೆ, ಓದಿಗೆ ಬೆಲೆಯೇ ಇಲ್ಲವೇ ಎಂದು ಕೇಳಿದರೆ, ಖಂಡಿತ ಇದೆ. ನನಗೆ ಅದು ತಡವಾಗಿ, ನಷ್ಟದಲ್ಲಿ ತಿಳಿಯಿತು. ಕೆಲಸಕ್ಕೆ ಸೇರಿ ಏಳನೇ ವರ್ಷ, ಉತ್ತರ ಕರ್ನಾಟಕದಲ್ಲಿ ಒಂದು ಸರಕಾರಿ ಹಾಸ್ಟೆಲ್ ಕಟ್ಟಡಕ್ಕೆ ಗುತ್ತಿಗೆದಾರರ ಕಡೆಯಿಂದ ನಾನೇ ಇನ್‌ಚಾರ್ಜ್. ಫೂಟಿಂಗ್ ಡ್ರಾಯಿಂಗ್ ಬದಲಾಗಿ ಹೊಸದು ಕೈಗೆ ಬರಲು 47 ದಿನ ಹಿಡಿಯಿತು. ಇಲಾಖೆಯ ಎಂಜಿನಿಯರ್ ಒಳ್ಳೆಯವರು, "ನೋಡ್ಕೊಳ್ಳೋಣ ಬಿಡಿ" ಅಂದರು. ನಾನು ಬಿಟ್ಟೆ. ಪತ್ರ ಬರೆಯಲಿಲ್ಲ, ಅಡಚಣೆಗಳನ್ನು ದಾಖಲಿಸುವ ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ ಒಂದು ಸಾಲೂ ಇಲ್ಲ. ಅವರು ವರ್ಗವಾದರು. ಕೆಲಸ ಮುಗಿದಾಗ ತಡಕ್ಕೆ ದಂಡ ಹಾಕಿದರು. ಅವಧಿ ವಿಸ್ತರಣೆ ಕೇಳಿದರೆ "ದಾಖಲೆ ಎಲ್ಲಿ?" ಎಂದರು. ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ ಅನ್ನುವುದು ಅವರ ದೊಡ್ಡತನ. ನಾಲ್ಕು ವರ್ಷ ಬಿಟ್ಟು ಒಂದು ಸಂಜೆ ಕೋರ್ಸಿನಲ್ಲಿ 1872ರ ಕರಾರು ಕಾಯಿದೆಯ 55 ಮತ್ತು 74ನೇ ಸೆಕ್ಷನ್ನುಗಳನ್ನು (ಹೇಳಿದ ಹೊತ್ತಿಗೆ ಮುಗಿಸದಿದ್ದರೆ ಏನು, ಕರಾರು ಮುರಿದರೆ ಪರಿಹಾರ ಏನು ಎನ್ನುವಂಥವು) ಮೇಷ್ಟ್ರು ವಿವರಿಸಿದಾಗ ನನಗೆ ಆ ಹಾಸ್ಟೆಲ್ಲೇ ಕಣ್ಣಮುಂದೆ ಬಂತು. ಪಕ್ಕದಲ್ಲಿ ಕೂತಿದ್ದ, ಸೈಟೇ ನೋಡದ ಹುಡುಗ ಆಕಳಿಸುತ್ತಿದ್ದ. ಪಾಠ ಒಂದೇ.

ಫ್ಲೋಟ್ ಲೆಕ್ಕವೂ ಹಾಗೆಯೇ. ಪರೀಕ್ಷೆಯಲ್ಲಿ ಫ್ಲೋಟ್ ಎಷ್ಟು ದಿನ ಎಂದು ಕೇಳುತ್ತಾರೆ. ಸೈಟಿನಲ್ಲಿ ಜಗಳ ಬರುವುದು ಆ ದಿನಗಳು ಯಾರದ್ದು ಎಂಬುದಕ್ಕೆ: ಮಾಲೀಕನದ್ದೋ, ಗುತ್ತಿಗೆದಾರನದ್ದೋ? ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮೊದಲು ಬಳಸಿದವರದ್ದು ಎನ್ನುವುದು ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಹೊರತಂದ ಡಿಲೇ ಪ್ರೋಟೋಕಾಲ್ ಹಿಡಿದ ನಿಲುವು. ಇಂಥದ್ದನ್ನು ಯಾವ ಮೇಸ್ತ್ರಿಯೂ ಕಲಿಸಲಾರ. ಕರಾರು, ಕ್ಲೇಮು, ಹಣದ ಹರಿವು, ವಿಳಂಬದ ವಿಶ್ಲೇಷಣೆ, ಇವು ಓದಿನಿಂದ ಬರುವಂಥವು. ಯಾರ ಮಾತು ನಂಬಬೇಕು, ಯಾವ ಗ್ಯಾಂಗಿಗೆ ಮುಂಗಡ ಕೊಡಬೇಕು, ಆರ್‌ಎಂಸಿ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಕಾಂಕ್ರೀಟನ್ನು ಎಲ್ಲಿ ನಿಲ್ಲಿಸಿ ಜಾಯಿಂಟ್ ಕೊಡಬೇಕು, ಇವನ್ನು ಕ್ಲಾಸಿನಲ್ಲಿ ಕಲಿತವರನ್ನು ನಾನು ನೋಡಿಲ್ಲ.

ಈಗ ದುಡ್ಡಿಗೆ ಬರೋಣ. 12 ಲಕ್ಷವನ್ನು ಶೇಕಡ 11ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 20,500 ರೂಪಾಯಿ. ಓದುವ ಎರಡು ವರ್ಷದ ಬಡ್ಡಿ ಇದಕ್ಕೆ ಸೇರಿಲ್ಲ. ಜೊತೆಗೆ ಎರಡು ವರ್ಷದ ಸಂಬಳ, 6.72 ಲಕ್ಷ, ಕೈಬಿಡುತ್ತದೆ. ಕೋರ್ಸ್ ಮುಗಿಸಿ ಬಂದಾಗ ನಿಮ್ಮ ಸಂಬಳ ಈಗಿನದಕ್ಕಿಂತ 20,000 ಹೆಚ್ಚಾದರೂ ಆ ಹೆಚ್ಚಳ ಪೂರ್ತಿ ಬ್ಯಾಂಕಿಗೇ ಹೋಗುತ್ತದೆ, ಅದೂ ಏಳು ವರ್ಷ. ಕಟ್ಟಡ ಉದ್ಯಮ ಒಮ್ಮೆ ಮಲಗಿದರೆ ಮೊದಲು ಖಾಲಿಯಾಗುವ ಕುರ್ಚಿಗಳಲ್ಲಿ ಪ್ಲಾನಿಂಗ್ ವಿಭಾಗದ್ದೂ ಒಂದು. 2008-09ರಲ್ಲೂ 2020ರಲ್ಲೂ ಅದನ್ನು ಕಣ್ಣಾರೆ ಕಂಡೆ. ಬಿಲ್ಲು ಬರೆಯುವವರನ್ನು ಮಾತ್ರ ಯಾವ ಕಂಪನಿಯೂ ಕಳಿಸುವುದಿಲ್ಲ, ದುಡ್ಡು ಬರುವುದು ಅವರ ಕೈಯಿಂದ.

ಹಾಗಾಗಿ ತೋಟ ಅಡವಿಟ್ಟು ಈ ವರ್ಷವೇ ಹೊರಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಓದಲೇಬೇಕು ಎನ್ನುವ ಹಂಬಲ ಇದ್ದರೆ ಎಂ.ಟೆಕ್ ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆಯಿರಿ. ಸುರತ್ಕಲ್‌ನ ಎನ್‌ಐಟಿಕೆ, ಐಐಟಿ ಮದ್ರಾಸ್, ಐಐಟಿ ದೆಹಲಿ ಇಲ್ಲೆಲ್ಲ ಕನ್‌ಸ್ಟ್ರಕ್ಷನ್ ವಿಷಯದಲ್ಲಿ ಎಂ.ಟೆಕ್ ಇದೆ. ಗೇಟ್ ಮೂಲಕ ಹೋದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ, ಅಂಕ ಮೂರು ವರ್ಷ ಊರ್ಜಿತ. ತೊಂದರೆ ಏನೆಂದರೆ, ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವರಿಗೆ ಗೇಟ್ ತಯಾರಿ ಕಷ್ಟ. ಮೊದಲ ಸಲಕ್ಕೇ ಒಳ್ಳೆಯ ರ‍್ಯಾಂಕ್ ಬರದಿರಬಹುದು. ಎಲ್ ಅಂಡ್ ಟಿ ಸಂಸ್ಥೆ ಓದಿಸಿ ಕೆಲಸವನ್ನೂ ಕೊಡುವ ಬಿಲ್ಡ್ ಇಂಡಿಯಾ ಸ್ಕಾಲರ್‌ಶಿಪ್ ಬಿ.ಇ. ಕೊನೆಯ ವರ್ಷದಲ್ಲಿರುವವರಿಗಾಗಿ ಇರುವುದು, ನಿಮಗೆ ದಾಟಿಹೋಯಿತು. ತಮ್ಮನೋ ತಂಗಿಯೋ ಸಿವಿಲ್ ಓದುತ್ತಿದ್ದರೆ ಹೇಳಿ. ಪುಣೆಯ ನಿಕ್ಮಾರ್‌ನಂಥ ಈ ವಿಷಯಕ್ಕೇ ಮೀಸಲಾದ ಸಂಸ್ಥೆಗಳ ನೆಂಟಸ್ತಿಕೆ ದೊಡ್ಡದು, ಎಲ್ಲ ದೊಡ್ಡ ಕಂಪನಿಗಳಲ್ಲೂ ಅಲ್ಲಿನ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಆ ಬಳಗಕ್ಕೆ ಬೆಲೆ ಇದೆ. ಅದು 12 ಲಕ್ಷ ಬಾಳುತ್ತದೆಯೇ ಎಂಬುದು ನಿಮ್ಮ ಮನೆಯ ಸ್ಥಿತಿಯ ಮೇಲೆ ಹೋಗುತ್ತದೆ. "ಮನೆಯಲ್ಲೇ ಕೂತು ಎಂ.ಟೆಕ್" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಎಂಜಿನಿಯರಿಂಗನ್ನು ಅಂಚೆ ಮೂಲಕ ಕಲಿಸಿ ಪದವಿ ಕೊಡುವುದಕ್ಕೆ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲೇ ತಡೆ ಹಾಕಿದೆ.

ನನ್ನ ಮಗಳಾಗಿದ್ದರೆ ಹೇಳುತ್ತಿದ್ದುದು ಬೇರೆ. ಇನ್ನು ಒಂದೂವರೆ ವರ್ಷ ಕೆಲಸದಲ್ಲೇ ಇರಿ, ಆದರೆ ಜಾಗ ಬದಲಿಸಿ ಎನ್ನುತ್ತಿದ್ದೆ. ಆರು ತಿಂಗಳು ಬಿಲ್ಲಿಂಗ್‌ಗೆ ಹಾಕಿ ಎಂದು ಕೇಳಿ. ಮೆಷರ್‌ಮೆಂಟ್, ಆರ್‌ಎ ಬಿಲ್ (ಕೆಲಸ ನಡೆಯುತ್ತಿರುವಾಗಲೇ ಹಂತಹಂತವಾಗಿ ಕೊಡುವ ಬಿಲ್), ಎಕ್ಸ್‌ಟ್ರಾ ಐಟಂ, ಸಬ್ ಕಾಂಟ್ರಾಕ್ಟರ್ ಲೆಕ್ಕ. ನಿಮ್ಮ ಕಂಪನಿಯ ಕರಾರಿನ ಪ್ರತಿಯನ್ನು ಮೊದಲ ಪುಟದಿಂದ ಓದಿ. ಸೈಟ್ ಎಂಜಿನಿಯರ್‌ಗಳಲ್ಲಿ ಅದನ್ನು ಓದಿದವರು ನೂರಕ್ಕೆ ಐವರೂ ಇರಲಿಕ್ಕಿಲ್ಲ, ಇದು ನನ್ನ ಅಂದಾಜು. ಐಐಟಿ ಮೇಷ್ಟ್ರುಗಳ ಪಾಠ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಬಿಟ್ಟಿ ಸಿಗುತ್ತದೆ, ಬಸ್ಸಿನಲ್ಲಿ ಕೇಳಬಹುದು. ಈ ದಾರಿಗೂ ಅಪಾಯ ಇದೆ: "ನೋಡೋಣ" ಎನ್ನುತ್ತಲೇ ಕಂಪನಿ ನಿಮ್ಮನ್ನು ಅದೇ ಸ್ಲ್ಯಾಬಿನ ಮೇಲೆ ಐದು ವರ್ಷ ನಿಲ್ಲಿಸಬಹುದು. ನಾಲ್ಕು ತಿಂಗಳಲ್ಲಿ ಜಾಗ ಬದಲಾಗದಿದ್ದರೆ ಕಂಪನಿ ಬದಲಿಸಿ.

ನೀವು ಕೇಳದ ಒಂದು ಮಾತು. ಹೆಣ್ಣುಮಕ್ಕಳು ಪಿ.ಜಿ. ಮಾಡಿ ಬಂದರೆ ಕಂಪನಿಗಳು ಅವರನ್ನು ನೇರ ಆಫೀಸಿನ ಪ್ಲಾನಿಂಗ್ ಕುರ್ಚಿಗೆ ಕಳಿಸುತ್ತವೆ. "ನೈಟ್ ಕಾಂಕ್ರೀಟ್ ಯಾಕಮ್ಮ ನಿಮಗೆ" ಎಂಬ ಅಕ್ಕರೆಯ ಮಾತಿನಲ್ಲೇ. ಸೈಟಿನಲ್ಲಿ ಸರಿಯಾದ ಟಾಯ್ಲೆಟ್ ಮಾಡಿಸುವುದಕ್ಕಿಂತ ಅದು ಅವರಿಗೆ ಸುಲಭ. ಹತ್ತು ವರ್ಷದ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆ ಬಂದಾಗ ಇದೇ ಜನ "ಆಕೆಗೆ ಸೈಟ್ ಅನುಭವ ಇಲ್ಲ" ಅನ್ನುತ್ತಾರೆ. ಇಬ್ಬರು ಒಳ್ಳೆಯ ಎಂಜಿನಿಯರ್‌ಗಳಿಗೆ ಹೀಗಾದದ್ದನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ಈ ಮೂರು ವರ್ಷ ಅದಕ್ಕೇ ಅಮೂಲ್ಯ.

ಈ ಸೋಮವಾರಕ್ಕೆ ಒಂದು ಕೆಲಸ. ಒಂದು ನೋಟ್‌ಬುಕ್ ಇಡಿ. ಮೇಸ್ತ್ರಿ, ಕಂಬಿ ಕೆಲಸದವರು, ಎಲೆಕ್ಟ್ರಿಷಿಯನ್ ಮೂವರನ್ನೂ ಟೀ ಹೊತ್ತಿಗೆ ಕೂರಿಸಿ, ಈ ವಾರ ಏನು ಮುಗಿಸುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ. ಶನಿವಾರ ಸಂಜೆ ಆಗಿದೆ ಅಥವಾ ಆಗಿಲ್ಲ, ಎರಡೇ ಉತ್ತರ. ಆಗದಿದ್ದರೆ ಒಂದು ಸಾಲಿನ ಕಾರಣ. ಯಾರನ್ನೂ ಬೈಯಬೇಡಿ, ಬೈದರೆ ಎರಡನೇ ವಾರದಿಂದ ನಿಮಗೂ ಸುಳ್ಳೇ ಸಿಗುತ್ತದೆ. ಆರು ವಾರದ ಬಳಿಕ ಆ ಕಾರಣಗಳನ್ನು ಎಣಿಸಿ, ಜಾಕಿ ಸೆಟ್ಟಿನ ಲೆಕ್ಕದ ಜೊತೆ ಒಂದೇ ಹಾಳೆಯಲ್ಲಿ ಪ್ಲಾನಿಂಗ್ ಎಂಜಿನಿಯರ್ ಮುಂದಿಡಿ. ಮೀಟಿಂಗ್‌ನಲ್ಲಿ ಎಲ್ಲರೆದುರು ಇಡಬೇಡಿ, ಮೊದಲು ಅವರೊಬ್ಬರಿಗೇ ತೋರಿಸಿ. ಅವರೂ ಯಾರದ್ದೋ ಕೈಯಲ್ಲಿ ಬೈಸಿಕೊಳ್ಳುತ್ತಿರಬಹುದು. ಚಾರ್ಟಿನಲ್ಲಿ 12 ಇದ್ದದ್ದು 16 ಆದೀತು, ಅಥವಾ ಇನ್ನೊಂದು ಸೆಟ್ ಜಾಕಿ ಬಾಡಿಗೆಗೆ ಬಂದೀತು. ಎರಡೂ ಆಗದಿದ್ದರೆ ಆ ಹಾಳೆಯನ್ನು ನನಗೆ ಕಳಿಸಿ, ಮುಂದಿನ ಮಾತು ಆಗ ಆಡೋಣ. ತೋಟದ ಪತ್ರ ಅಲ್ಲಿಯವರೆಗೆ ಅಪ್ಪನ ಟ್ರಂಕಿನಲ್ಲೇ ಇರಲಿ.